ಮಕ್ಕಳಲ್ಲಿ ಮರುಕಳಿಸುವ ಕಿವಿ ಸೋಂಕು ಮತ್ತು ಗ್ರಾಮೆಟ್ ಶಸ್ತ್ರಚಿಕಿತ್ಸೆ

ಮಧ್ಯಕಿವಿಯ ಸೋಂಕು ಮೇಲಿಂದ ಮೇಲೆ ಮರುಕಳಿಸುವ, ಇಲ್ಲವೇ ಅಲ್ಲಿ ಸೇರಿದ ದ್ರವ ತಿಂಗಳುಗಟ್ಟಲೆ ಇಂಗದೆ ಉಳಿಯುವ ಮಕ್ಕಳಲ್ಲಿ ಕಿವಿತಮಟೆಯನ್ನು ಸಣ್ಣದಾಗಿ ಸೀಳಿ, ಆ ಸೀಳು ಕೂಡಿಕೊಳ್ಳದಂತೆ ಅದರಲ್ಲಿ ಕೂರಿಸುವ ಪುಟ್ಟ ಕೊಳವೆಗೆ ಗ್ರಾಮೆಟ್ ಎಂದು ಹೆಸರು. ಕೊಳವೆ ತಮಟೆಯಲ್ಲಿ ಇರುವಷ್ಟು ಕಾಲ ಹೊರಗಿನ ಗಾಳಿ ಮಧ್ಯಕಿವಿಗೆ ನೇರವಾಗಿ ಹೋಗಿಬರುತ್ತದೆ, ಒಳಗೆ ಕೀವು ಉಂಟಾದರೂ ಅದು ಕಟ್ಟಿಕೊಳ್ಳದೆ ಹೊರಗೆ ಹರಿಯುತ್ತದೆ. ಅಮೆರಿಕದಲ್ಲಿ ಮಕ್ಕಳಿಗೆ ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಇದೇ. ಅಲ್ಲಿ 3 ವರ್ಷ ತುಂಬುವುದರೊಳಗೆ ಸುಮಾರು 15 ಮಕ್ಕಳಲ್ಲಿ ಒಬ್ಬರಿಗೆ ಗ್ರಾಮೆಟ್ ಹಾಕಿರುತ್ತಾರೆಂದು ಅಂದಾಜು. ಇಷ್ಟು ಬಳಕೆಯಲ್ಲಿದ್ದರೂ ಯಾವ ಮಗುವಿಗೆ, ಯಾವ ಹಂತದಲ್ಲಿ ಇದು ಬೇಕು ಎಂಬ ಪ್ರಶ್ನೆ ವೈದ್ಯರ ನಡುವೆ ದಶಕಗಳಿಂದ ಚರ್ಚೆಯಲ್ಲಿದೆ. ಈವರೆಗಿನ ಸಂಶೋಧನೆಯನ್ನು ಒಟ್ಟಾಗಿ ನೋಡಿದರೆ, ಸೋಂಕು ಎಷ್ಟು ಸಲ ಬಂದುಹೋಯಿತೆಂಬ ಲೆಕ್ಕಕ್ಕಿಂತ, ಮಗು ಜ್ವರ ನೋವುಗಳಿಲ್ಲದೆ ಆರಾಮಾಗಿರುವ ದಿನ ತಮಟೆಯ ಹಿಂದೆ ಏನಿದೆ, ಅದಕ್ಕೆ ಎಷ್ಟು ಕೇಳಿಸುತ್ತಿದೆ ಎಂಬುದೇ ನಿರ್ಧಾರಕ್ಕೆ ಹೆಚ್ಚು ಗಟ್ಟಿಯಾದ ಆಧಾರವೆಂದು ತೋರುತ್ತದೆ.

ರೋಗದ ಹಿನ್ನೆಲೆ

ಮಧ್ಯಕಿವಿಯೆಂಬುದು ತಮಟೆಯ ಹಿಂದಿರುವ, ಗಾಳಿ ತುಂಬಿದ ಸಣ್ಣ ಗೂಡು; ತಮಟೆಯ ಕಂಪನವನ್ನು ಒಳಕಿವಿಗೆ ದಾಟಿಸುವ ಮೂರು ಪುಟ್ಟ ಮೂಳೆಗಳು ಇರುವುದು ಇಲ್ಲಿಯೇ. ಈ ಗೂಡನ್ನು ಮೂಗಿನ ಹಿಂಭಾಗಕ್ಕೆ ಜೋಡಿಸುವ ನಾಳಕ್ಕೆ 16ನೆಯ ಶತಮಾನದ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಬಾರ್ತೊಲೊಮಿಯೊ ಯೂಸ್ಟೇಕಿಯ ಹೆಸರಿನಿಂದ ಯೂಸ್ಟೇಷಿಯನ್ ನಾಳ ಎನ್ನುತ್ತಾರೆ. ನುಂಗುವಾಗ, ಆಕಳಿಸುವಾಗ ಈ ನಾಳ ತೆರೆದುಕೊಂಡು ತಮಟೆಯ ಎರಡೂ ಬದಿಯ ಒತ್ತಡವನ್ನು ಸರಿದೂಗಿಸುತ್ತದೆ. ಒಳಗೆ ಒಸರಿದ ದ್ರವವನ್ನು ಗಂಟಲಿನತ್ತ ಇಳಿಸುವುದೂ ಇದರದೇ ಕೆಲಸ. ದೊಡ್ಡವರಲ್ಲಿ ಓರೆಯಾಗಿ ಕೆಳಗಿಳಿಯುವ ಈ ನಾಳ ಕೂಸುಗಳಲ್ಲಿ ಗಿಡ್ಡವಾಗಿಯೂ ಬಹುಮಟ್ಟಿಗೆ ಅಡ್ಡವಾಗಿಯೂ ಇರುತ್ತದೆ, ಅದನ್ನು ತೆರೆಯುವ ಸ್ನಾಯುಗಳಿಗೆ ಇನ್ನೂ ಬಲ ಬಂದಿರುವುದಿಲ್ಲ. ಇದರ ಜೊತೆಗೆ ನಾಳದ ಬಾಯಿಯ ಬಳಿಯೇ ಇರುವ ಅಡಿನಾಯ್ಡ್ ಎಂಬ ಗ್ರಂಥಿರೂಪದ ಅಂಗಾಂಶ ಎಳೆಯ ವಯಸ್ಸಿನಲ್ಲಿ ಉಬ್ಬಿಕೊಂಡಿರುವುದರಿಂದ, ಸಾಮಾನ್ಯ ನೆಗಡಿಯೊಂದು ಬಂದರೂ ಸಾಕು, ನಾಳ ಮುಚ್ಚಿಕೊಂಡು ಮಧ್ಯಕಿವಿಯ ಗಾಳಿ ಹೀರಿಹೋಗಿ ಅಲ್ಲಿ ದ್ರವ ಸೇರುತ್ತದೆ. ಮೂಗಿನ ಹಿಂದೆ ನೆಲೆಸಿರುವ ನ್ಯುಮೊಕಾಕಸ್, ಹೀಮೊಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಗಳು ಆ ದ್ರವವನ್ನು ಹೊಕ್ಕರೆ ಸೋಂಕು ತಲೆದೋರುತ್ತದೆ. ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಲ್ಲಿ ಈ ತೊಂದರೆ ಅತಿ ಹೆಚ್ಚು. ತಲೆಬುರುಡೆ ಬೆಳೆದು ನಾಳ ಉದ್ದವಾಗುತ್ತ ಓರೆಯಾಗುತ್ತ ಹೋದಂತೆ, ಆರೇಳು ವರ್ಷದ ಹೊತ್ತಿಗೆ, ಬಹುತೇಕ ಮಕ್ಕಳಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆಯ ಬಗೆಗಿನ ಎಲ್ಲ ಚರ್ಚೆಯ ಹಿಂದೆ ಇರುವುದು ಈ ಸಂಗತಿಯೇ.

ಮನೆಮಾತಿನಲ್ಲಿ 'ಕಿವಿ ಸೋಂಕು' ಎಂಬ ಒಂದೇ ಹೆಸರಿನಲ್ಲಿ ಕರೆಯಲಾಗುವ ಮೂರು ಸ್ಥಿತಿಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳದಿದ್ದರೆ ನಿರ್ಧಾರ ಆರಂಭದಲ್ಲಿಯೇ ದಾರಿ ತಪ್ಪುತ್ತದೆ. ಮೊದಲನೆಯದು ಏಕಾಏಕಿ ನೋವು, ಜ್ವರ, ರಾತ್ರಿಯಿಡೀ ಅಳುವಿನೊಂದಿಗೆ ಬರುವ ತೀವ್ರ ಮಧ್ಯಕಿವಿ ಸೋಂಕು. ಇದರಲ್ಲಿ ತಮಟೆ ಕೆಂಪಾಗಿ ಹೊರಕ್ಕೆ ಉಬ್ಬಿರುತ್ತದೆ. ಎರಡನೆಯದರಲ್ಲಿ ನೋವಿಲ್ಲ, ಜ್ವರವಿಲ್ಲ, ಆದರೆ ತಮಟೆಯ ಹಿಂದೆ ದ್ರವ ನಿಂತಿರುತ್ತದೆ. ಕೆಲವೊಮ್ಮೆ ಈ ದ್ರವ ಅಂಟಿನಂತೆ ಗಟ್ಟಿಯಾಗುವುದರಿಂದ ಇದನ್ನು ಬ್ರಿಟನ್ನಿನಲ್ಲಿ 'ಗ್ಲೂ ಇಯರ್' ಎಂದು ಕರೆಯುವುದು ವಾಡಿಕೆ. ಮೂರನೆಯದು ತಮಟೆಯಲ್ಲಿ ತೂತು ಬಿದ್ದು ವಾರಗಟ್ಟಲೆ, ವರ್ಷಗಟ್ಟಲೆ ಕೀವು ಹರಿಯುವ ದೀರ್ಘಕಾಲಿಕ ಕಿವಿ ಸೋರುವಿಕೆ. ಗ್ರಾಮೆಟ್‌ನ ಪ್ರಶ್ನೆ ಏಳುವುದು ಮೊದಲ ಎರಡರಲ್ಲಿ ಮಾತ್ರ. ಅವುಗಳ ನಡುವೆ ನಂಟೂ ಇದೆ: ತೀವ್ರ ಸೋಂಕು ವಾಸಿಯಾದ ಮೇಲೂ ದ್ರವ ಕೆಲಕಾಲ ಉಳಿಯುವುದು ಸಹಜ. ಒಂದು ತಿಂಗಳ ಬಳಿಕ ಸುಮಾರು 40 ಪ್ರತಿಶತ ಮಕ್ಕಳಲ್ಲಿ ಅದು ಕಾಣಿಸಿಕೊಂಡರೆ, ಮೂರು ತಿಂಗಳ ಹೊತ್ತಿಗೆ ಉಳಿಯುವುದು ಸುಮಾರು 10 ಪ್ರತಿಶತದಲ್ಲಿ ಮಾತ್ರ. ಮೂರು ತಿಂಗಳು ಕಾದು ನೋಡಬೇಕೆಂಬ ಸಲಹೆಯ ಮೂಲ ಈ ಅಂಕಿಗಳಲ್ಲಿದೆ. ಅದನ್ನು ವೈದ್ಯರ ಉದಾಸೀನವೆಂದು ತಿಳಿಯಬೇಕಾಗಿಲ್ಲ.

ಸೋಂಕಿನ ಎಣಿಕೆಯಲ್ಲಿ ಆಗುವ ತಪ್ಪುಗಳೂ ಕಡಿಮೆಯಲ್ಲ. ಅಳುವ ಮಗುವಿನ ತಮಟೆ ಅಳುವಿನಿಂದಲೇ ಕೆಂಪಾಗುತ್ತದೆ, ಗುಗ್ಗೆ ತುಂಬಿದ ಕಿವಿಯಲ್ಲಿ ತಮಟೆ ಕಾಣಿಸುವುದೇ ಇಲ್ಲ, ಹಲ್ಲು ಬರುವ ಕೂಸು ಸುಮ್ಮನೆ ಕಿವಿ ಎಳೆದುಕೊಳ್ಳುತ್ತದೆ. ಹೀಗಾಗಿ ಜ್ವರ ಬಂದಾಗಲೆಲ್ಲ ಕಿವಿ ಸೋಂಕೆಂದು ಬರೆದುಕೊಂಡ ಪಟ್ಟಿ ಎಷ್ಟೋ ಸಲ ನಿಜಕ್ಕಿಂತ ಉದ್ದವಾಗಿರುತ್ತದೆ. ತಮಟೆಗೆ ಮೆಲ್ಲಗೆ ಗಾಳಿ ಊದಿ ಅದು ಅಲುಗಾಡುತ್ತದೆಯೇ ಎಂದು ನೋಡುವ ದರ್ಶಕ ಮತ್ತು ಟಿಂಪನೋಮೆಟ್ರಿ ಎಂಬ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತವೆ. ಟಿಂಪನೋಮೆಟ್ರಿಯಲ್ಲಿ ಕಿವಿಯ ಬಾಯಿಗೆ ಮೃದುವಾದ ಬಿರಡೆಯೊಂದನ್ನು ಇಟ್ಟು, ಒಳಗಿನ ಒತ್ತಡವನ್ನು ಏರಿಳಿಸುತ್ತ ತಮಟೆಯ ಚಲನೆಯನ್ನು ನಕ್ಷೆಯಾಗಿ ಬರೆಯಲಾಗುತ್ತದೆ. ಆರೋಗ್ಯವಂತ ಕಿವಿಯ ನಕ್ಷೆಯಲ್ಲಿ ನಡುವೆ ಶಿಖರ ಏಳುತ್ತದೆ, ಹಿಂದೆ ದ್ರವ ತುಂಬಿದ್ದರೆ ಗೆರೆ ಚಪ್ಪಟೆಯಾಗಿ ಹೋಗುತ್ತದೆ. ನೋವಿಲ್ಲದ ಈ ಪರೀಕ್ಷೆಗೆ ಬೇಕಾಗುವ ಸಮಯ ಒಂದೆರಡು ನಿಮಿಷ ಮಾತ್ರ.

ಚಿಕಿತ್ಸೆ ಬೆಳೆದು ಬಂದ ಬಗೆ

ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ತಮಟೆಯನ್ನು ಚುಚ್ಚಿ ಕಿವುಡುತನವನ್ನು ಕಡಿಮೆ ಮಾಡಿದ ಪ್ರಯೋಗಗಳನ್ನು 1801ರ ಸುಮಾರಿಗೆ ರಾಯಲ್ ಸೊಸೈಟಿಗೆ ತಿಳಿಸಿದ. ಆದರೆ ತಮಟೆಯ ಗಾಯ ಬಹುಬೇಗ ಕೂಡಿಕೊಳ್ಳುವುದರಿಂದ ಫಲ ಕೆಲವೇ ದಿನ ನಿಲ್ಲುತ್ತಿತ್ತು. 19ನೆಯ ಶತಮಾನದ ನಡುವಿನಲ್ಲಿ ವಿಯೆನ್ನಾದ ಆಡಮ್ ಪೊಲಿಟ್ಜರ್ ಗಟ್ಟಿ ರಬ್ಬರಿನ ಚಿಕ್ಕ ಕೊಳವೆಗಳನ್ನು ಬಳಸಿ ನೋಡಿದನಾದರೂ ಅವು ಕಟ್ಟಿಕೊಳ್ಳುವುದು, ಕಳಚಿ ಬೀಳುವುದು ಹೆಚ್ಚಾಗಿ ಆ ವಿಧಾನ ಮೂಲೆಗೆ ಸರಿಯಿತು. ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಪ್ಲಾಸ್ಟಿಕ್ ಕೊಳವೆಯ ಬಳಕೆಯನ್ನು 1954ರಲ್ಲಿ ಪ್ರಕಟಿಸಿದ ಮೇಲೆ, ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕವೂ ಆ ಹೊತ್ತಿಗೆ ಬಳಕೆಗೆ ಬಂದಿದ್ದರಿಂದ, ಇದು ವೇಗವಾಗಿ ಹರಡಿತು. ಹರಡಿದ ವೇಗಕ್ಕೆ ತಕ್ಕ ಪ್ರಮಾಣದಲ್ಲಿ ಫಲಿತಾಂಶಗಳ ಪರೀಕ್ಷೆ ನಡೆಯಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು; ಗಟ್ಟಿಯಾದ ತುಲನಾತ್ಮಕ ಅಧ್ಯಯನಗಳು ಬಂದದ್ದು ಹಲವು ದಶಕಗಳ ನಂತರ.

ಇಂದಿನ ವಿಧಾನ ಸರಳವಾಗಿದೆ. ಮಗುವಿಗೆ ಸಾಮಾನ್ಯವಾಗಿ ಮುಖವಾಡದ ಮೂಲಕ ಅರಿವಳಿಕೆ ಕೊಟ್ಟು, ತಲೆಯನ್ನು ಒಂದು ಬದಿಗೆ ಹೊರಳಿಸಿ, ಸೂಕ್ಷ್ಮದರ್ಶಕದಡಿ ಗುಗ್ಗೆಯನ್ನು ತೆಗೆದು, ತಮಟೆಯ ಮುಂಭಾಗದ ಕೆಳಗಿನ ಕಾಲು ಭಾಗದಲ್ಲಿ ಎರಡು ಮೂರು ಮಿಲಿಮೀಟರ್‌ಗಳ ಸೀಳು ಹಾಕಲಾಗುತ್ತದೆ. ಮೇಲಿನ ಹಿಂಭಾಗದಲ್ಲಿ ಕಿವಿಯ ಮೂಳೆಗಳಿರುವುದರಿಂದ ಶಸ್ತ್ರವೈದ್ಯರು ಆ ಕಡೆ ಹೋಗುವುದಿಲ್ಲ. ಹೀರುನಳಿಕೆಯಿಂದ ದ್ರವವನ್ನು ಹೊರತೆಗೆಯುವಾಗ ಅದು ಕೆಲವರಲ್ಲಿ ನೀರಿನಂತೆ ಬಂದರೆ, ಗ್ಲೂ ಇಯರ್ ಇರುವವರಲ್ಲಿ ಎಳೆ ಎಳೆಯಾಗಿ ಜಗ್ಗಿಕೊಂಡು ಬರುತ್ತದೆ. ಬಳಿಕ ಸೀಳಿನಲ್ಲಿ ಗ್ರಾಮೆಟ್ ಅನ್ನು ತೂರಿಸುತ್ತಾರೆ. ನೂಲು ಸುತ್ತುವ ಉರುಳೆಯ ಆಕಾರದ ಇದರ ನಡುವಿನ ರಂಧ್ರ ಸುಮಾರು ಒಂದು ಮಿಲಿಮೀಟರ್‌ನಷ್ಟಿದ್ದು, ಎರಡು ಬದಿಯ ಅಂಚುಗಳು ತಮಟೆಯನ್ನು ಕಚ್ಚಿ ಹಿಡಿಯುತ್ತವೆ; ಫ್ಲೋರೊಪ್ಲಾಸ್ಟಿಕ್, ಸಿಲಿಕೋನ್ ಅಥವಾ ಟೈಟೇನಿಯಂನಿಂದ ಇದನ್ನು ತಯಾರಿಸುತ್ತಾರೆ. ಎರಡೂ ಕಿವಿಗೆ ಸೇರಿ ಹತ್ತು ಹದಿನೈದು ನಿಮಿಷ ಸಾಕು, ಮಗು ಅಂದೇ ಮನೆಗೆ ಮರಳುತ್ತದೆ. ತಮಟೆಯ ಹೊರಪದರ ನಡುವಿನಿಂದ ಅಂಚಿನತ್ತ ನಿಧಾನವಾಗಿ ಸರಿಯುತ್ತಲೇ ಇರುವುದರಿಂದ, ಸಾಧಾರಣ ಗ್ರಾಮೆಟ್ ಆರರಿಂದ ಹದಿನೆಂಟು ತಿಂಗಳೊಳಗೆ ತಾನಾಗಿಯೇ ಹೊರಬಂದು ಬೀಳುತ್ತದೆ, ತೂತು ಕೂಡಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಕಾಲ ನಿಲ್ಲಬೇಕಾದಲ್ಲಿ ಬಳಸುವ 'ಟಿ' ಆಕಾರದ ಕೊಳವೆಗಳೂ ಇವೆ, ಆದರೆ ಅವು ಹೊರಬಂದ ಮೇಲೆ ತೂತು ಉಳಿದುಬಿಡುವ ಸಂಭವ ಹೆಚ್ಚು.

ನಿರ್ಧಾರದ ಆಧಾರಗಳು

ಅಮೆರಿಕದ ಕಿವಿ ಮೂಗು ಗಂಟಲು ವೈದ್ಯರ ಸಂಸ್ಥೆ 2013ರಲ್ಲಿ ಹೊರಡಿಸಿ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ. ಅದರ ಪ್ರಕಾರ ಆರು ತಿಂಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಒಂದು ವರ್ಷದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ತೀವ್ರ ಸೋಂಕುಗಳು ಬಂದು, ಅವುಗಳಲ್ಲಿ ಒಂದಾದರೂ ಕಳೆದ ಆರು ತಿಂಗಳಲ್ಲಿ ಬಂದಿದ್ದರೆ ಅದು ಮರುಕಳಿಸುವ ಸೋಂಕು. ಆದರೆ ಈ ಸಂಖ್ಯೆ ಮುಟ್ಟಿದ ಮಾತ್ರಕ್ಕೆ ಗ್ರಾಮೆಟ್ ಹಾಕಬೇಕೆಂದು ಮಾರ್ಗಸೂಚಿ ಹೇಳುವುದಿಲ್ಲ. ತಪಾಸಣೆಯ ದಿನ ಎರಡೂ ಕಿವಿಗಳಲ್ಲಿ ದ್ರವ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆ ಬೇಡವೆಂದೂ, ಒಂದು ಕಿವಿಯಲ್ಲಾದರೂ ದ್ರವ ಉಳಿದಿದ್ದರೆ ಎರಡೂ ಕಿವಿಗೆ ಗ್ರಾಮೆಟ್ ಹಾಕಿಸಿಕೊಳ್ಳುವ ಆಯ್ಕೆಯನ್ನು ಪೋಷಕರ ಮುಂದಿಡಬೇಕೆಂದೂ ಅದು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಇದರ ಹಿಂದಿನ ತರ್ಕ ಸರಿಯಾದದ್ದೇ: ಎರಡು ಸೋಂಕುಗಳ ನಡುವೆ ಕಿವಿ ಪೂರ್ತಿ ಒಣಗುತ್ತದೆಯೆಂದರೆ ಯೂಸ್ಟೇಷಿಯನ್ ನಾಳ ತನ್ನ ಕೆಲಸವನ್ನು ಮಾಡುತ್ತಿದೆಯೆಂದು ಅರ್ಥ, ಅಂಥ ಮಗುವಿಗೆ ಮುಂದೆ ಸೋಂಕು ಕಡಿಮೆಯಾಗುವ ನಿರೀಕ್ಷೆ ಹೆಚ್ಚು.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಲೆಹಾಂಡ್ರೊ ಹೋಬರ್‌ಮನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಪ್ರಯೋಗ ಈ ಚರ್ಚೆಗೆ ಹೊಸ ತಿರುವು ಕೊಟ್ಟಿತು. ಮರುಕಳಿಸುವ ಸೋಂಕಿನ, 6ರಿಂದ 35 ತಿಂಗಳ ವಯಸ್ಸಿನ 250 ಮಕ್ಕಳನ್ನು ಲಾಟರಿ ಕ್ರಮದಲ್ಲಿ ವಿಂಗಡಿಸಿ, ಒಂದು ಗುಂಪಿಗೆ ಗ್ರಾಮೆಟ್ ಹಾಕಿ, ಇನ್ನೊಂದಕ್ಕೆ ಸೋಂಕು ಬಂದಾಗಲೆಲ್ಲ ಆಂಟಿಬಯೋಟಿಕ್ ಕೊಟ್ಟು ಎರಡು ವರ್ಷ ಗಮನಿಸಲಾಯಿತು. ವರ್ಷಕ್ಕೆ ಸರಾಸರಿ ಸೋಂಕು ಗ್ರಾಮೆಟ್ ಗುಂಪಿನಲ್ಲಿ 1.48, ಔಷಧದ ಗುಂಪಿನಲ್ಲಿ 1.56, ಎಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗ್ರಾಮೆಟ್ ಹಾಕಿದವರಲ್ಲಿ ಮುಂದಿನ ಮೊದಲ ಸೋಂಕು ತಡವಾಗಿ ಬಂದಿತಾದರೂ ಕಿವಿ ಸೋರಿದ ದಿನಗಳು ಹೆಚ್ಚಾಗಿದ್ದವು. ಆಂಟಿಬಯೋಟಿಕ್ ಹೆಚ್ಚು ಬಳಸಿದ ಗುಂಪಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯ ಹೆಚ್ಚಾಗಬಹುದೆಂಬ ಭಯ ನಿಜವಾಗಲಿಲ್ಲ. ಔಷಧದ ಗುಂಪಿಗೆ ಸೇರಿದ್ದ ಕೆಲವು ಮಕ್ಕಳಿಗೆ ಪೋಷಕರ ಇಚ್ಛೆಯಂತೆ ನಡುವೆ ಗ್ರಾಮೆಟ್ ಹಾಕಿದ್ದರಿಂದ ಹೋಲಿಕೆ ಸ್ವಲ್ಪ ಮಸುಕಾಗಿದೆಯೆಂಬ ಆಕ್ಷೇಪವೂ ಇದೆ. ಆ ಆಕ್ಷೇಪವನ್ನು ಒಪ್ಪಿದರೂ ಒಂದು ಮಾತು ಉಳಿಯುತ್ತದೆ: ಆರು ತಿಂಗಳಲ್ಲಿ ಮೂರು ಸಲ ಮಲಗಿದ ಮಕ್ಕಳು ಯಾವ ಗುಂಪಿಗೆ ಸೇರಿದ್ದರೂ ಮುಂದೆ ವರ್ಷಕ್ಕೆ ಒಂದೂವರೆ ಸಲದ ಮಟ್ಟಕ್ಕೆ ಇಳಿದರು. ತಂದೆತಾಯಿಗಳು ಶಸ್ತ್ರವೈದ್ಯರ ಬಳಿಗೆ ಹೋಗುವುದು ಸಾಮಾನ್ಯವಾಗಿ ತೊಂದರೆ ತುತ್ತತುದಿ ಮುಟ್ಟಿದ ತಿಂಗಳುಗಳಲ್ಲಿ; ಅಲ್ಲಿಂದ ಮುಂದೆ ಏನು ಮಾಡಿದರೂ, ಏನೂ ಮಾಡದಿದ್ದರೂ ಇಳಿಕೆ ಕಾಣುವುದು ಸಂಭವನೀಯ. ಗ್ರಾಮೆಟ್ ಹಾಕಿಸಿದ ಮೇಲೆ ಮಗು ಗುಣವಾಯಿತೆಂಬ ನೆರೆಹೊರೆಯವರ ಮಾತನ್ನು ತೂಗುವಾಗ ಇದನ್ನು ಮರೆಯಬಾರದು.

ಸೋಂಕಿಲ್ಲದೆ ದ್ರವ ಮಾತ್ರ ನಿಂತ ಮಕ್ಕಳಲ್ಲಿ ಮುಖ್ಯ ಪ್ರಶ್ನೆ ಶ್ರವಣದ್ದು. ತಮಟೆಯ ಹಿಂದಿನ ದ್ರವ ಸಾಮಾನ್ಯವಾಗಿ 25 ಡೆಸಿಬೆಲ್ ಆಸುಪಾಸಿನ ಮಂದತೆಯನ್ನು ಉಂಟುಮಾಡುತ್ತದೆ. ಮಗುವಿಗೆ ಹತ್ತಿರದ ಮಾತು ಕೇಳಿಸುತ್ತದೆ, ಆದರೆ ತರಗತಿಯ ಹಿಂದಿನ ಸಾಲಿನಲ್ಲಿ, ಟಿವಿಯ ಗದ್ದಲದಲ್ಲಿ, ಪಿಸುಮಾತಿನಲ್ಲಿ ಪದಗಳ ಕೊನೆ ಜಾರಿಹೋಗುತ್ತದೆ. ಎರಡೂ ಕಿವಿಯಲ್ಲಿ ದ್ರವ ಮೂರು ತಿಂಗಳಿಗಿಂತ ಹೆಚ್ಚು ನಿಂತು, ಶ್ರವಣ ಪರೀಕ್ಷೆಯಲ್ಲಿ ಮಂದತೆ ದಾಖಲಾಗಿದ್ದರೆ ಗ್ರಾಮೆಟ್‌ನ ಆಯ್ಕೆಯನ್ನು ಮುಂದಿಡಬೇಕೆಂಬುದರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಮಾರ್ಗಸೂಚಿಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿವೆ. ಕೊಳವೆ ಹಾಕಿದ ಮೊದಲ ಕೆಲವು ತಿಂಗಳು ಶ್ರವಣ ಸುಮಾರು 10 ಡೆಸಿಬೆಲ್‌ನಷ್ಟು ಸುಧಾರಿಸುತ್ತದೆ. ಕಾಲ ಕಳೆದಂತೆ ಹಾಕಿಸಿಕೊಳ್ಳದವರಲ್ಲಿಯೂ ದ್ರವ ಇಂಗುವುದರಿಂದ ಅಂತರ ಕಿರಿದಾಗುತ್ತದೆ. ಕಾಯುವುದರಿಂದ ಮಾತು, ಬುದ್ಧಿ ಶಾಶ್ವತವಾಗಿ ಹಿಂದೆ ಬೀಳುತ್ತವೆಯೇ ಎಂಬ ಆತಂಕಕ್ಕೆ ಪಿಟ್ಸ್‌ಬರ್ಗಿನ ಜ್ಯಾಕ್ ಪ್ಯಾರಡೈಸ್ ನೇತೃತ್ವದ ದೀರ್ಘ ಅಧ್ಯಯನ ಉತ್ತರ ಕೊಟ್ಟಿದೆ. ದ್ರವ ನಿಂತ 3 ವರ್ಷದೊಳಗಿನ 429 ಮಕ್ಕಳಲ್ಲಿ ಕೆಲವರಿಗೆ ಕೂಡಲೇ, ಉಳಿದವರಿಗೆ ಆರರಿಂದ ಒಂಬತ್ತು ತಿಂಗಳು ಕಾದು ಆಗಲೂ ದ್ರವ ಉಳಿದಿದ್ದರೆ ಮಾತ್ರ ಗ್ರಾಮೆಟ್ ಹಾಕಿ ನೋಡಿದಾಗ, 3ನೆಯ ವರ್ಷದಲ್ಲಿಯೂ, 2007ರಲ್ಲಿ ಪ್ರಕಟವಾದಂತೆ 9ರಿಂದ 11ನೆಯ ವರ್ಷದಲ್ಲಿಯೂ ಮಾತು, ಓದು, ನಡವಳಿಕೆಗಳಲ್ಲಿ ಅಂತರ ಕಂಡುಬರಲಿಲ್ಲ.

ಆದರೆ ಆ ಅಧ್ಯಯನ ಉಳಿದಂತೆ ಆರೋಗ್ಯವಾಗಿದ್ದ ಮಕ್ಕಳದ್ದು; ಅದರ ಸಮಾಧಾನವನ್ನು ಎಲ್ಲರಿಗೂ ಹಂಚುವಂತಿಲ್ಲ. ಸೀಳಂಗುಳ, ಡೌನ್ ಸಿಂಡ್ರೋಮ್, ಆಟಿಸಂ, ಮೊದಲೇ ಇರುವ ಶ್ರವಣದೋಷ ಅಥವಾ ದೃಷ್ಟಿದೋಷ, ಮಾತಿನ ವಿಳಂಬ ಇರುವ ಮಕ್ಕಳಲ್ಲಿ ಸ್ವಲ್ಪ ಮಂದತೆಯೂ ದೊಡ್ಡ ನಷ್ಟವಾಗಬಲ್ಲದು. ಸೀಳಂಗುಳ ಇರುವವರಲ್ಲಿ ಯೂಸ್ಟೇಷಿಯನ್ ನಾಳವನ್ನು ತೆರೆಯುವ ಸ್ನಾಯುವೇ ಸರಿಯಾದ ಜಾಗದಲ್ಲಿ ಅಂಟಿಕೊಂಡಿರುವುದಿಲ್ಲ. ಇಂಥವರಲ್ಲಿ ದ್ರವ ಬೇಗ ಇಂಗುವ ಲಕ್ಷಣ ಕಾಣದಿದ್ದರೆ ಮೂರು ತಿಂಗಳ ಗಡುವಿಗೆ ಕಟ್ಟುಬೀಳದೆ ಮೊದಲೇ ನಿರ್ಧರಿಸಬಹುದು. ಹಲವು ಆಂಟಿಬಯೋಟಿಕ್‌ಗಳು ಮೈಗೆ ಒಗ್ಗದ ಮಗು, ಸೋಂಕು ಕಿವಿಯ ಹಿಂದಿನ ಮೂಳೆಗೆ ಹಬ್ಬಿದ ಮಗು, ತಮಟೆ ಒಳಕ್ಕೆ ಕುಸಿದು ಮೂಳೆಗಳಿಗೆ ಅಂಟಿಕೊಳ್ಳುತ್ತಿರುವ ಮಗು, ಇವರ ಲೆಕ್ಕವೂ ಬೇರೆ.

ತಕ್ಕಡಿಯ ಇನ್ನೊಂದು ಕಡೆಯಲ್ಲಿ ಅಪಾಯಗಳಿವೆ. ಸಾಧಾರಣ ಗ್ರಾಮೆಟ್ ಬಿದ್ದ ಮೇಲೆ ತಮಟೆಯ ತೂತು ಕೂಡದೆ ಉಳಿಯುವುದು ಸುಮಾರು 2 ಪ್ರತಿಶತ ಕಿವಿಗಳಲ್ಲಿ. ತಮಟೆಯಲ್ಲಿ ಸುಣ್ಣದಂಥ ಬಿಳಿ ಕಲೆ ಉಳಿಯುವುದು ಇನ್ನೂ ಸಾಮಾನ್ಯ, ಅದರಿಂದ ಶ್ರವಣಕ್ಕೆ ಆಗುವ ಹಾನಿ ಅಲ್ಪ. ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿದ್ದು 3 ವರ್ಷದೊಳಗಿನವರಲ್ಲಿ ಮೂರು ಗಂಟೆಗೂ ಮೀರಿದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಗೆ ಸಂಬಂಧಿಸಿದ್ದು. ಹದಿನೈದು ನಿಮಿಷದ ಒಂದು ಸಲದ ಅರಿವಳಿಕೆಗೆ ಆ ಭಯವನ್ನು ಎಳೆಯುವುದು ಸರಿಯಲ್ಲ. ಕೊಳವೆ ಬಿದ್ದ ಮೇಲೆ ತೊಂದರೆ ಮರಳಿ ಎರಡನೆಯ ಸಲ ಶಸ್ತ್ರಚಿಕಿತ್ಸೆ ಬೇಕಾಗುವ ಮಕ್ಕಳೂ ಇದ್ದಾರೆ. 4 ವರ್ಷ ದಾಟಿದವರಲ್ಲಿ ಆಗ ಅಡಿನಾಯ್ಡ್ ಅನ್ನೂ ತೆಗೆದರೆ ಮತ್ತೆ ಹಾಕಿಸುವ ಪ್ರಮೇಯ ಕಡಿಮೆಯಾಗುತ್ತದೆ.

ಶಸ್ತ್ರಚಿಕಿತ್ಸೆಯಿಲ್ಲದ ದಾರಿಗಳಲ್ಲಿ ಕೆಲವಕ್ಕೆ ಬೆಲೆಯಿದೆ, ಹಲವಕ್ಕಿಲ್ಲ. ನಿಂತ ದ್ರವವನ್ನು ಇಂಗಿಸಲು ಅಲರ್ಜಿ ಮಾತ್ರೆ, ಮೂಗು ಬಿಡಿಸುವ ಔಷಧ, ಸ್ಟಿರಾಯ್ಡ್‌ಗಳಿಂದ ಉಪಯೋಗವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಸೋಂಕು ಬಾರದಂತೆ ತಿಂಗಳುಗಟ್ಟಲೆ ಆಂಟಿಬಯೋಟಿಕ್ ಕೊಡುವ ಹಳೆಯ ಪದ್ಧತಿಯನ್ನು ಈಗ ಬಿಡಲಾಗಿದೆ. ಮಲಗಿಸಿ ಬಾಟಲಿಯ ಹಾಲು ಕುಡಿಸುವುದನ್ನು ನಿಲ್ಲಿಸುವುದು, ಎದೆಹಾಲು, ಮನೆಯೊಳಗೆ ಬೀಡಿ ಸಿಗರೇಟಿನ ಹೊಗೆ ಇಲ್ಲದಿರುವುದು, ನ್ಯುಮೊಕಾಕಲ್ ಮತ್ತು ಫ್ಲೂ ಲಸಿಕೆಗಳು ಸೋಂಕನ್ನು ಸ್ವಲ್ಪಮಟ್ಟಿಗಾದರೂ ತಗ್ಗಿಸುತ್ತವೆ.

ಗ್ರಾಮೆಟ್ ಹಾಕಿದ ಮೇಲೆ

ಕೊಳವೆಯಿರುವ ಕಿವಿಯಿಂದ ಕೀವು ಬಂದರೆ ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ಹೆದರಬೇಕಾಗಿಲ್ಲ. ಸುಮಾರು ಕಾಲುಭಾಗ ಮಕ್ಕಳಲ್ಲಿ ಒಮ್ಮೆಯಾದರೂ ಹೀಗಾಗುತ್ತದೆ. ಇದಕ್ಕೆ ಸಿರಪ್‌ಗಿಂತ ಕಿವಿಯ ಹನಿಗಳೇ ಮೇಲು. ನೆದರ್‌ಲ್ಯಾಂಡ್ಸ್‌ನಲ್ಲಿ 230 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವಾರದ ಬಳಿಕವೂ ಸೋರುತ್ತಿದ್ದ ಕಿವಿಗಳು ಆಂಟಿಬಯೋಟಿಕ್ ಮತ್ತು ಸ್ಟಿರಾಯ್ಡ್ ಸೇರಿದ ಹನಿ ಹಾಕಿದವರಲ್ಲಿ 5 ಪ್ರತಿಶತ, ಬಾಯಿಯ ಮೂಲಕ ಔಷಧ ಪಡೆದವರಲ್ಲಿ 44 ಪ್ರತಿಶತ, ಏನೂ ಕೊಡದವರಲ್ಲಿ 55 ಪ್ರತಿಶತ. ಆದರೆ ಅಂಗಡಿಯಲ್ಲಿ ಸಿಗುವ ಯಾವುದೋ ಹನಿಯನ್ನು ಹಾಕಬಾರದು, ಏಕೆಂದರೆ ಜೆಂಟಮೈಸಿನ್‌ನಂಥ ಕೆಲವು ಔಷಧಗಳು ತೆರೆದ ತಮಟೆಯ ಮೂಲಕ ಒಳಕಿವಿಗೆ ಇಳಿದರೆ ಶ್ರವಣಕ್ಕೆ ಧಕ್ಕೆಯಾಗಬಹುದು. ನೀರಿನ ಬಗೆಗಿನ ಹಳೆಯ ಕಟ್ಟುನಿಟ್ಟು ಈಗ ಸಡಿಲವಾಗಿದೆ. ಸ್ನಾನಕ್ಕೂ ಈಜುಕೊಳದ ಮೇಲುಮೇಲಿನ ಈಜಿಗೂ ಎಲ್ಲ ಮಕ್ಕಳಿಗೆ ಕಿವಿಬಿರಡೆ ಬೇಕಿಲ್ಲ. ಆಳದ ಮುಳುಗು, ಕೆರೆಕೊಳದ ನೀರು, ಪದೇ ಪದೇ ಸೋರುವ ಕಿವಿ ಇದ್ದಲ್ಲಿ ಎಚ್ಚರ ಬೇಕು. ಕೊಳವೆ ಬೀಳುವವರೆಗೂ, ಬಿದ್ದ ಮೇಲೊಮ್ಮೆಯೂ ವೈದ್ಯರಿಗೆ ಕಿವಿ ತೋರಿಸಬೇಕು.

ಕರ್ನಾಟಕದ ಸಂದರ್ಭ

ಮೇಲಿನ ಅಧ್ಯಯನಗಳೆಲ್ಲ ಪಾಶ್ಚಾತ್ಯ ಮಕ್ಕಳ ಮೇಲೆ ನಡೆದವು. ಭಾರತದಲ್ಲಿ, ಅದರಲ್ಲಿಯೂ ಹಳ್ಳಿಗಳಲ್ಲಿ ಮತ್ತು ನಗರದ ಬಡ ಬಡಾವಣೆಗಳಲ್ಲಿ, ಹೊರೆ ಹೆಚ್ಚಾಗಿರುವುದು ಮೂರನೆಯ ಸ್ಥಿತಿಯದು, ಎಂದರೆ ಸೋರುವ ಕಿವಿಯದು. ತಮಟೆಯಲ್ಲಿ ಆಗಲೇ ತೂತಿರುವ ಮಗುವಿಗೆ ಗ್ರಾಮೆಟ್‌ನಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ಕಿವಿಯನ್ನು ಶುಚಿಮಾಡಿ ಒಣಗಿಸಿ ಇಡುವುದು, ಹನಿ ಔಷಧ, ಅಗತ್ಯವಿದ್ದಲ್ಲಿ ಮುಂದೆ ತಮಟೆಯನ್ನು ಕಟ್ಟುವ ಶಸ್ತ್ರಚಿಕಿತ್ಸೆ. ದುರ್ನಾತದ ಕೀವು ಬರುತ್ತಿದ್ದರೆ ಮೂಳೆಯನ್ನು ತಿನ್ನುತ್ತ ಬೆಳೆಯುವ ಕೊಲೆಸ್ಟಿಯಾಟೋಮಾ ಎಂಬ ಚರ್ಮದ ಗಂಟು ಇರಬಹುದು, ಅಲ್ಲಿ ಕಾಯುವುದೇ ತಪ್ಪು. ನೋಯುವ ಅಥವಾ ಸೋರುವ ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ತೂತಿರುವ ಅಥವಾ ಗ್ರಾಮೆಟ್ ಇರುವ ಕಿವಿಯಲ್ಲಿ ಅದು ನೇರವಾಗಿ ಮಧ್ಯಕಿವಿಗೆ ಇಳಿಯುತ್ತದೆ.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ನ್ಯುಮೊಕಾಕಲ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿ, 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ ಅದನ್ನು ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಮಾತು ಬಾರದ ಕೂಸಿಗೂ ಶ್ರವಣ ಪರೀಕ್ಷೆ ಸಾಧ್ಯ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಟಿಂಪನೋಮೆಟ್ರಿಯೂ ವಯಸ್ಸಿಗೆ ತಕ್ಕ ಶ್ರವಣ ಪರೀಕ್ಷೆಗಳೂ ದೊರೆಯುತ್ತವೆ, ದೊಡ್ಡ ಆಸ್ಪತ್ರೆಗಳ ಇಎನ್‌ಟಿ ವಿಭಾಗಗಳಲ್ಲಿಯೂ ಇವೆ. ಗ್ರಾಮೆಟ್ ಬೇಕೆಂಬ ಸಲಹೆ ಬಂದ ಮಗುವಿಗೆ ಈ ಎರಡು ಪರೀಕ್ಷೆಗಳನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಮಾಡಿಸಬೇಕು; ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಮೇಲೂ ಆ ವಾರ ಕಿವಿಯನ್ನು ಇನ್ನೊಮ್ಮೆ ನೋಡಿಸಿ, ದ್ರವ ಇಂಗಿಹೋಗಿದ್ದರೆ ಮುಂದೂಡುವಂತೆ ಕೇಳಲು ತಂದೆತಾಯಿಗಳು ಹಿಂಜರಿಯಬಾರದು.